ಎದುರುಮನೆ ಅಜ್ಜಿ ಮತ್ತು ಸೊಸೆಯ ಕಣ್ಣೀರು

ಎದುರುಮನೆಯ ಅಜ್ಜಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಬೈಗುಳ. ಎಪ್ಪತ್ತರ ದಶಕದ ಇಳಕಲ್ಲಿನಲ್ಲಿ, ನಮ್ಮ ಓಣಿಯ ಮಗ್ಗಗಳ ಸದ್ದನ್ನು ಮೀರಿ ಕೇಳುತ್ತಿದ್ದುದು ಅವಳ ದನಿಯೊಂದೇ.

ಅವಳ ಸೊಸೆ ಸಾವುಕಾರ ಕೊಟ್ಟ ನೂಲಿನಲ್ಲಿ ಕೂಲಿಗೆ ಸೀರೆ ನೇಯುತ್ತಿದ್ದಳು. ಮಗ್ಗಕ್ಕೆ ಕೂತ ಸ್ವಲ್ಪ ಹೊತ್ತಿಗೇ ಆಕೆಯ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅತ್ತೆಯ ಕಾಟವೆಂದು ಓಣಿ ತೀರ್ಪು ಕೊಟ್ಟಾಗಿತ್ತು. ನಳದ ಹತ್ತಿರ ಒಬ್ಬಾಕೆ ಅಂದೇಬಿಟ್ಟಳು: “ಸೊಸಿ ಕಣ್ಣೀರಾಗ ನೂಲು ನೆನಸ್ತಿಯೇನಬೇ?”

ಅಜ್ಜಿ ಕೊಡ ಕೆಳಗಿಟ್ಟಳು. “ನಾ ಬೈತೇನಿ, ಖರೆ. ನಿಮಗೂ ಬೈತೇನಿ. ನೀವ್ಯಾರೂ ಅಳಂಗಿಲ್ಲ. ಆಕಿಗಷ್ಟ ಯಾಕ ನೀರು ಬರತೈತಿ?”

ಪ್ರಶ್ನೆ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಸೊಸೆಗೆ ಎಳೆಗಳು ಮಸುಕಾಗತೊಡಗಿದ್ದವು. ಸೀರೆಯ ಒಡಲಿಗೆ ಸೆರಗಿನ ಎಳೆ ಜೋಡಿಸುವಾಗ ಕೈ ತಪ್ಪುತ್ತಿತ್ತು. ಅಜ್ಜಿ ಆಕೆಯನ್ನು ಬಾಗಲಕೋಟೆಗೆ ಕರೆತಂದಳು. ಅಲ್ಲಿ ಕಾಲೇಜು ಓದುತ್ತಿದ್ದ ನಾನು ದವಾಖಾನೆ ತೋರಿಸಿದೆ.

“ಕಣ್ಣು ಒಣಗ್ಯಾವ,” ಅಂದರು ಡಾಕ್ಟರು.

“ಒಣಗಿದ್ರ ನೀರು ಎಲ್ಲಿಂದ್ರಿ? ನಮ್ಮ ಬಾವಿ ಒಣಗಿದ್ರ ಹನಿ ಸೈತ ಬರಂಗಿಲ್ಲ,” ಅಂದಳು ಅಜ್ಜಿ.

ಡಾಕ್ಟರು ನಕ್ಕರು. “ಪಸಿ ಆರಿದ್ರ ಕಣ್ಣು ಉರೀತೈತಿ. ಉರಿಗೆ ನೀರು ಸುರೀತೈತಿ, ಆದ್ರ ಕಣ್ಣಾಗ ನಿಲ್ಲಂಗಿಲ್ಲ. ಎಳಿ ನೋಡ್ಕೋತ ಈಕಿ ಕಣ್ಣು ಪಿಳುಕಿಸೂದ ಮರ್ತಾಳ.” ಹನಿ ಔಷಧ ಬರೆದುಕೊಟ್ಟರು. ಮುಚ್ಚಿದ ಕಣ್ಣಿಗೆ ಬೆಚ್ಚನೆಯ ಒದ್ದೆ ಬಟ್ಟೆ, ಗಾಳಿ–ಹೊಗೆಯಿಂದ ದೂರ. “ಪೂರಾ ಹೋಗೂದಲ್ಲ ಇದು. ಸಂಬಾಳಿಸ್ಕೋಬೇಕು.”

ಅಜ್ಜಿ ಒಲೆಯನ್ನು ಹಿತ್ತಲಿಗೆ ಸಾಗಿಸಿದಳು. ಮಗ್ಗದ ಎದುರಿನ ಕಿಟಕಿಗೆ ಗೋಣಿತಟ್ಟು ಕಟ್ಟಿದಳು. ಆಮೇಲೆ ಸೊಸೆಯ ಪಕ್ಕದಲ್ಲೇ ನೂಲು ಸುತ್ತುತ್ತ ಕೂತು, ಆಗಾಗ ಕೂಗತೊಡಗಿದಳು: “ಕಣ್ಣ ಪಿಳುಕ್ಸ, ಹುಚ್ಚಿ! ಗೊಂಬಿಯಂಗ ನೋಡಬ್ಯಾಡ!”

ಕಾಟ ಹೆಚ್ಚಾಯಿತೆಂದು ಓಣಿ ಮಾತಾಡಿಕೊಂಡಿತು.

“ಮಂದಿಗೆ ಖರೆ ಹೇಳಬಾರದೇನಬೇ ಅಜ್ಜಿ?” ಎಂದು ರಜೆಗೆ ಬಂದಾಗ ಕೇಳಿದೆ.

ಅವಳು ದನಿ ತಗ್ಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಆಕಿ ಕಣ್ಣು ಕೆಟ್ಟಾವಂದ್ರ ಸಾವ್ಕಾರ ನೂಲು ಕೊಡೂದ ಬಿಡ್ತಾನ. ನಾ ಕೆಟ್ಟಾಕಿ ಅಂದ್ರ ಏನೂ ನಿಲ್ಲಂಗಿಲ್ಲ. ಸುಮ್ನಿರು.”

ನಾನು ಯಾರಿಗೂ ಹೇಳಲಿಲ್ಲ. ಸಾವುಕಾರನ ನೂಲು ನಿಲ್ಲಲಿಲ್ಲ.

ಎಂಬತ್ತರ ದಶಕದಲ್ಲಿ ಅಜ್ಜಿ ತೀರಿಕೊಂಡಳು. ಮಣ್ಣಿಗೆ ಬಂದವರಲ್ಲಿ ಕೆಲವರು, ಇನ್ನು ಸೊಸೆಗೆ ನೆಮ್ಮದಿ ಎಂದರು. ಮುಂದೊಂದು ಮಧ್ಯಾಹ್ನ ಆ ಮನೆಯ ಮುಂದೆ ಹಾಯುವಾಗ ಮಗ್ಗದ ಸದ್ದು ತಟ್ಟನೆ ನಿಂತಿತು. ಒಳಗೆ ಸೊಸೆ ಒಬ್ಬಳೇ ಇದ್ದಳು. ಅತ್ತೆಯದೇ ದನಿಯಲ್ಲಿ, ಅಷ್ಟೇ ಜೋರಾಗಿ ಕೂಗಿಕೊಂಡಳು:

“ಕಣ್ಣ ಪಿಳುಕ್ಸ, ಹುಚ್ಚಿ!”

ಮಗ್ಗ ಮತ್ತೆ ಶುರುವಾಯಿತು.