ಕಿಸ್ಮತ್ ಅಲ್ಲ, ನಾನು

ಆ ಸಂಜೆಯೂ ಪಾಠ ಮುಗಿಸಿ ಬಂದ ಕಾಕಾನ ಬಲಗಿವಿಗೆ ಸೀಮೆಸುಣ್ಣ ಮೆತ್ತಿಕೊಂಡಿತ್ತು. ಪಾಠ ಮಾಡುವಾಗ ಕಿವಿ ತಿಕ್ಕಿಕೊಳ್ಳುವುದು ಅವರ ರೂಢಿ. ಒಲೆಯ ಮೇಲೆ ಹಾಲು ಉಕ್ಕಿ ಹರಿದಿತ್ತು.

"ಫೋನ್ ಬಂದಿತ್ತು ಕಾಕಾ" ಎಂದೆ.

"ಫೋನ್ ಹಾಲು ಕಾಸಾಕತ್ತಿತ್ತೇನವ್ವಾ?" ಎಂದು ನಕ್ಕು, ಅರಿವೆ ತಂದು ತಾವೇ ಒಲೆ ಒರೆಸಿದರು.

ಅಪ್ಪ ತೀರಿದ ಮೇಲೆ ಬೀದರಿನಿಂದ ಕರೆತಂದು, ದಿಲ್‌ಸುಖ್‌ನಗರದ ಈ ಮನೆಯಲ್ಲಿ ನನ್ನನ್ನು ಸಾಕಿದವರು ಅವರು. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು. ಮನುಷ್ಯ ಸ್ವತಂತ್ರನೇ, ಮಾಡಿದ್ದಕ್ಕೆ ಅವನೇ ಹೊಣೆಯೇ ಎಂಬುದನ್ನೇ ಆಯುಷ್ಯವಿಡೀ ಬರೆದರು. ಹತ್ತನೆಯ ತರಗತಿ ಓದಿದ ನನಗೆ ಆ ಪುಸ್ತಕಗಳು ತಿಳಿಯಲಿಲ್ಲ. ಕೇಳಿದರೆ ಅಡುಗೆಮನೆಯ ಮಾತಿನಲ್ಲೇ ಹೇಳುತ್ತಿದ್ದರು.

"ಬೆಕ್ಕು ಹಾಲು ಕುಡದ್ರ ಓಡಸ್ತೀವಿ, ಅಷ್ಟ. ಯಾಕ ಹಿಂಗ ಮಾಡಿದಿ ಅಂತ ಕೇಳೂದು ಮನುಷ್ಯಾರಿಗೆ. ತಪ್ಪು ನಿಂದು ಅಂದ್ರ ನಿನಗ ಮರ್ಯಾದಿ ಕೊಟ್ಟಂಗ."

"ಭಾಳ ಮರ್ಯಾದಿ ಆತು ಬಿಡ್ರಿ, ದಿನಾ ಕೊಡಾಕತ್ತೀರಿ" ಎನ್ನುತ್ತಿದ್ದೆ.

ತಮ್ಮ ತಪ್ಪನ್ನೂ ಅವರು ಬಿಡುತ್ತಿರಲಿಲ್ಲ. ಒಮ್ಮೆ ಹಿಮಾಯತ್‌ನಗರದಲ್ಲಿ ಅವರ ಸ್ಕೂಟರ್ ತಗುಲಿ ಪೇರಲ ಹಣ್ಣಿನ ಬಂಡಿ ವಾಲಿತು. ಹಣ್ಣೆಲ್ಲ ರಸ್ತೆಯ ಪಾಲು. ಬಂಡಿಯ ಮುದುಕ, "ಜಾನೇ ದೋ ಸಾಬ್, ಕಿಸ್ಮತ್" ಎಂದು ಹಣೆಬರಹಕ್ಕೇ ಬಿಟ್ಟ.

"ಕಿಸ್ಮತ್ ನೈ ಚಾಚಾ, ಮೈ ಗಿರಾಯಾ" ಎಂದು, ಕೆಡವಿದ್ದು ತಾನೇ ಎಂದು ಒಪ್ಪಿಕೊಂಡು ಕಾಕಾ ಟ್ರಾಫಿಕ್ಕಿನ ನಡುವೆ ಬಗ್ಗಿ ಹಣ್ಣು ಆರಿಸತೊಡಗಿದರು. ಜಜ್ಜಿದ್ದನ್ನೆಲ್ಲ ಕೊಂಡು ತಂದರು. ವಾರವಿಡೀ ಪೇರಲ ತಿಂದೆವು.

ಹಾಲು ಉಕ್ಕಿದ ಮರುದಿನ ನಮ್ಮ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆಯಿತು, ಲಿಫ್ಟ್ ಬಂದಿರಲಿಲ್ಲ. ಕಾಕಾ ಕಾಲಿಟ್ಟರು.

ಲಿಫ್ಟ್ ಬಂದ್ ಮಾಡಿ ಎಂದು ಮೆಕ್ಯಾನಿಕ್ ಮೊದಲೇ ಹೇಳಿಹೋಗಿದ್ದನಂತೆ. ತಮ್ಮ ಮಗಳ ನಿಶ್ಚಿತಾರ್ಥಕ್ಕೆ ನೆಂಟರು ಬರುತ್ತಾರೆಂದು ಅಸೋಸಿಯೇಷನ್ ಸೆಕ್ರೆಟರಿ ಚಾಲೂ ಇಡಿಸಿದರು. ವಾಚ್‌ಮನ್ ನನಗೆ ಇದನ್ನು ಹೇಳಿದ್ದು ಎಲ್ಲ ಮುಗಿದ ಮೇಲೆ.

ಹದಿಮೂರನೆಯ ದಿನ ಆ ಸೆಕ್ರೆಟರಿ ಬಂದು ಕೈಮುಗಿದು, "ಅಂತಾ ವಿಧಿ, ಅಮ್ಮಾ" ಎಂದು ಎಲ್ಲವನ್ನೂ ವಿಧಿಯ ಮೇಲೆ ಹಾಕಿದರು. ಚಾಲೂ ಇಡಿಸಿದ್ದು ವಿಧಿಯೋ ನೀವೋ ಎಂದು ತೆಲುಗಿನಲ್ಲೇ ಕೇಳಿದೆ. ಅವರು ತಲೆಯೆತ್ತಿ ಫ್ಯಾನ್ ನೋಡಿದರು.

"ಸಿಟ್ಟು ಮಾಡಿದ್ರ ಹ್ವಾದವ್ರು ಬರ್ತಾರೇನ?" ಎಂದು ಬೀದರಿನಿಂದ ಬಂದಿದ್ದ ಸೋದರತ್ತೆ ನನ್ನನ್ನೇ ಗದರಿದಳು.

ಶೋಕಸಭೆಯಲ್ಲಿ ಕಾಕಾನ ಜೊತೆ ಕಲಿಸಿದವರೂ ವಿಧಿ ಎಂದೇ ಹೇಳಿ ಹಾರ ಹಾಕಿದರು. ಅವರ ಪುಸ್ತಕ ಓದಿದವರು. ಅವರ ಫೋಟೊದ ಎದುರೇ ನಿಂತು ಹಾಗೆ ಹೇಳಲು ಬಾಯಿ ಹೇಗೆ ಬಂತು? ಸೆಕ್ರೆಟರಿಯನ್ನು ಬೆಕ್ಕು ಎಂದುಕೊಂಡು ಸುಮ್ಮನಿರಲು ನನ್ನಿಂದಾಗದು.

ಈಗ ಹೊಸ ಲಿಫ್ಟ್ ಬಂದಿದೆ. ಅದರ ಪಕ್ಕದಲ್ಲೇ ಕಾಕಾನ ಫೋಟೊ ಹಾಕಿದ್ದಾರೆ. ‘ನಾನು ಮಾಡಿದೆ’ ಎಂದು ಯಾರೂ ಬಂದು ಹೇಳಿಲ್ಲ.