ಆಡು ಮುಟ್ಟದ ಸೊಪ್ಪು

ನಮ್ಮನೆಯವರು ತೀರಿಕೊಂಡ ಮೇಲೆ ಬೆಳಿಗ್ಗೆ ಹಿತ್ತಲಿಗೆ ಹೋಗಿ ಆಡುಸೋಗೆ ಗಿಡದ ಹತ್ತಿರ ಸ್ವಲ್ಪ ಹೊತ್ತು ನಿಲ್ಲುವುದು ನನಗೆ ರೂಢಿಯಾಗಿದೆ. ಕೆಮ್ಮಿಗೆ ಮದ್ದು ಕೇಳಿಕೊಂಡು ಬಂದವರಿಗೆ ಅದರ ಕಡ್ಡಿ ಮುರಿದು ಕೊಡುತ್ತೇನೆ. ಗಿಡದ ಗುಣ ಪೂರಾ ಬಲ್ಲವಳಲ್ಲ ನಾನು. ಅದು ನಮ್ಮ ಮನೆಗೆ ಹೇಗೆ ಬಂತೆಂದು ಮಾತ್ರ ಹೇಳಬಲ್ಲೆ.

ಐವತ್ತರ ದಶಕದ ಕೊನೆ. ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಳೆಗಾಲದಲ್ಲಿ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ನಮ್ಮನೆಯವರನ್ನು ಬಿಟ್ಟಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಕಫ ಪರೀಕ್ಷೆ ಮಾಡಿಸಿ, ಕ್ಷಯವಲ್ಲ ಎಂದಿದ್ದರು. ಔಷಧಿ ಕುಡಿದಾಗ ಕೆಮ್ಮು ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು. ಅವರಿಗೆ ಕೊಡುವ ಯಾವ ಮದ್ದನ್ನಾದರೂ ನಾನು ಮೊದಲು ನಾಲಿಗೆಗೆ ಹಚ್ಚಿ ನೋಡುತ್ತಿದ್ದೆ. ನನ್ನಿಂದ ಆಗುತ್ತಿದ್ದದ್ದು ಅಷ್ಟೇ.

ಕ್ಷಯವಲ್ಲ ಎಂಬ ಮಾತನ್ನು ನಮ್ಮತ್ತೆ ನಂಬಿದಂತೆ ಕಾಣಲಿಲ್ಲ. ಒಂದು ದಿನ ಮಗನ ಲೋಟವನ್ನು ಬೇರೆ ಮಾಡಿ ಜಗಲಿಯ ಗೂಡಿನಲ್ಲಿ ಇಟ್ಟರು. ನಮ್ಮನೆಯವರು ಅದನ್ನು ನೋಡಿದರು. ತಾವೇ ತೊಳೆದು ಅಲ್ಲೇ ಇಡತೊಡಗಿದರು. ಜಗಲಿ ಗುಡಿಸುವಾಗ ನಾನು ಆ ಗೂಡಿನತ್ತ ನೋಡುತ್ತಿರಲಿಲ್ಲ.

ಅತ್ತೆಯ ಅಕ್ಕನನ್ನು ಸೊರಬಕ್ಕೆ ಕೊಟ್ಟಿದ್ದರು. ಅಲ್ಲಿಂದ ಬಸ್ಸಿನಲ್ಲಿ ಬಂದ ನೆಂಟರೊಬ್ಬರ ಕೈಲಿ ಅವರು ಹೇಳಿ ಕಳಿಸಿದರು: ಆಡು ಮುಟ್ಟದ ಸೊಪ್ಪಿನ ಮದ್ದು ಕೊಡಿ.

“ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೀನೇ ಐತಿ. ಸೊರಬಕ್ಕೆ ಹೋದ ಮ್ಯಾಲೆ ನಮ್ಮಕ್ಕಗೆ ಗಾದೀನೂ ಮರ್ತೋತು,” ಎಂದರು ಅತ್ತೆ.

“ಆಡನ್ನೇ ಕೇಳಿದ್ರಾತು ಬಿಡವ್ವಾ,” ಎಂದರು ಇವರು.

ಪಕ್ಕದ ಮನೆಯಲ್ಲೊಂದು ಆಡಿತ್ತು. ಬೇಲಿಯಿಂದ, ಕೆರೆ ಏರಿಯಿಂದ ಕಂಡ ಸೊಪ್ಪನ್ನೆಲ್ಲ ತಂದು ಇವರು ಅದರ ಮುಂದೆ ಹಿಡಿದರು. ಆಡು ತುಂಬೆ ತಿಂದಿತು, ಬೇವು ತಿಂದಿತು. ದಾಸವಾಳ ಮುಗಿಸಿ ಇವರ ಹೆಗಲ ಮೇಲಿನ ಟವೆಲ್ಲಿಗೂ ಬಾಯಿ ಹಾಕಿತು. ಮುಖ ತಿರುಗಿಸಿದ್ದು ಕಣಗಿಲೆಗೆ ಮಾತ್ರ.

“ಸಿಕ್ತು ನೋಡವ್ವಾ. ಇದನ್ನ ಕುದಿಸ್ತೀಯೇನು?”

ಅತ್ತೆ ಅದನ್ನು ಕಿತ್ತುಕೊಂಡು ಎಸೆದರು. “ತಮಾಷಿಗೂ ಅನಬ್ಯಾಡ. ವಿಷ ಅದು. ಆಡಿಗಿರೋ ಬುದ್ಧಿ ನಿನಗಿಲ್ಲ. ಸೊರಬಕ್ಕೆ ಹೋಗಿ ಕಣ್ಣಾರೆ ಗಿಡ ನೋಡ್ಕೊಂಡು ಬರ್ರಿ ಇಬ್ರೂ.”

ಬೈಯುವಾಗ ಅವರ ದನಿ ನಡುಗುತ್ತಿತ್ತು. ಲೋಟ ಬೇರೆ ಇಟ್ಟ ಕೈಗೂ ಎಷ್ಟು ಹೆದರಿಕೆಯಾಗಿತ್ತೋ ಎಂದು ನನಗೆ ಆಗ ಅನ್ನಿಸಿತು.

ಸೊರಬದ ದೊಡ್ಡಮ್ಮನ ಹಿತ್ತಲಿನ ಬೇಲಿಯೇ ಆಡುಸೋಗೆ. ನೀಳ ಎಲೆ, ಗಂಟಲಲ್ಲಿ ನೇರಳೆ ಗೆರೆಯಿರುವ ಬಿಳಿ ಹೂವು. “ದನ, ಆಡು ಯಾವ್ದೂ ಬಾಯಿ ಹಾಕಲ್ಲ, ಅದಕ್ಕೇ ಬೇಲಿಗೆ ನೆಡೋದು,” ಎಂದು ಎಲೆಯೊಂದನ್ನು ಹಿಸುಕಿ ನನ್ನ ಮೂಗಿಗೆ ಹಿಡಿದರು. ಆ ಕಟು ವಾಸನೆಗೆ ಆಡು ಮುಖ ತಿರುಗಿಸಿದರೆ ಅದರ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಎಲೆಯನ್ನು ಬಿಸಿಗೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ, ಕಾಳುಮೆಣಸಿನ ಪುಡಿ ಸೇರಿಸಿ ಸ್ವಲ್ಪ ಸ್ವಲ್ಪವೇ ಕೊಡಬೇಕು ಎಂದು ಹೇಳಿಕೊಟ್ಟರು.

“ಮೊದ್ಲು ನಾನು ರುಚಿ ನೋಡಿ ಕೊಡ್ತೀನಿ,” ಎಂದೆ.

ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿ, “ಹೊರಗಾಗಿ ಎಷ್ಟು ದಿನ ಆಯ್ತೇ?” ಎಂದರು.

ನಾನು ನೆಲ ನೋಡಿದೆ.

“ಹಂಗಾದ್ರೆ ನೀನು ನಾಲಿಗೆಗೂ ತಾಗಿಸ್ಬೇಡ ಮಾರಾಯ್ತಿ. ಬಸುರಿಗೆ ಆಗದ ಸೊಪ್ಪಿದು.”

ಗೂಡಿನಲ್ಲಿ ಆ ಲೋಟ ಇದ್ದ ಮನೆಯಲ್ಲಿ ಬಸುರಿಯೆಂಬ ಮಾತನ್ನು ಯಾರಿಗೆ ಹೇಳಲಿ ಎಂದು ತಿಳಿಯದೆ ನಾನು ಅದುವರೆಗೆ ಮುಚ್ಚಿಟ್ಟಿದ್ದೆ.

ಊರಿಗೆ ಬಂದು ಕಡ್ಡಿ ನೆಟ್ಟೆವು. ಜೊತೆಗೆ ತಂದಿದ್ದ ಎಲೆಯ ರಸವನ್ನು ಮರುದಿನ ಅವರಿಗೆ ಕೊಟ್ಟೆ. ಒಂದು ಗುಟುಕಿಗೆ ಮುಖ ಹಿಂಡಿದರು.

“ನೀನು ರುಚಿ ನೋಡ್ಲಿಲ್ಲೇನು ಇವತ್ತು?”

“ನಂಗೆ ಬ್ಯಾಡ್ರೀ.”

“ಕಹಿ ಅಂತನಾ?”

“ದೊಡ್ಡಮ್ಮ ಬ್ಯಾಡ ಅಂದಾರೆ.”

“ನಿನಗ್ಯಾಕೆ ಬ್ಯಾಡಂತೆ?”

ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಕೈ ನಿಂತಿತು. ಅವರಿಗೆ ಮಗನಿಗಿಂತ ಮೊದಲೇ ಅರ್ಥವಾಗಿತ್ತು.

“ಸುಮ್ನೆ ಕುಡಿಯೋ,” ಎಂದರು. “ಅಪ್ಪ ಆಗೋನು ಹಿಂಗೆ ಕೆಮ್ಮಿಕೊಂತ ಕುಂತ್ರೆ ಹೆಂಗೆ?”

ಅವರು ನನ್ನನ್ನೇ ನೋಡುತ್ತ ಉಳಿದದ್ದನ್ನು ಕುಡಿದರು. ಈ ಸಲ ಮುಖ ಹಿಂಡಲಿಲ್ಲ.

ಕೆಮ್ಮು ಒಂದೇ ಸಲ ಹೋಗಲಿಲ್ಲ. ಇಳಿಯುತ್ತ ಇಳಿಯುತ್ತ ಶಿವರಾತ್ರಿಯ ಹೊತ್ತಿಗೆ ನಿಂತಿತು. ಸೊಪ್ಪಿನಿಂದಲೋ, ಡಾಕ್ಟರ ಔಷಧಿಯಿಂದಲೋ, ಚಳಿ ಕಳೆದದ್ದಕ್ಕೋ ಹೇಳಲಾರೆ. ಒಂದು ಬೆಳಿಗ್ಗೆ ಗೂಡು ಖಾಲಿಯಿತ್ತು. ಅಡುಗೆಮನೆಯಲ್ಲಿ ಲೋಟಗಳೆಲ್ಲ ಒಟ್ಟಿಗಿದ್ದವು. ಅವರದ್ದು ಯಾವುದೆಂದು ನನಗೆ ಗುರುತು ಹತ್ತಲಿಲ್ಲ.

ಈಚೆಗೆ ಅವರನ್ನು ಕರೆದೊಯ್ದ ಕಾಯಿಲೆ ಬೇರೆ. ಅದಕ್ಕೆ ನನ್ನ ಹಿತ್ತಲಿನಲ್ಲಿ ಏನೂ ಇರಲಿಲ್ಲ. ಮೊನ್ನೆ ಪಕ್ಕದ ಮನೆಯ ಹೊಸ ಸೊಸೆ, ತನ್ನ ಅತ್ತೆಯ ಕೆಮ್ಮಿಗೆಂದು ಕಡ್ಡಿ ಕೇಳಲು ಬಂದಳು. ಎಲೆ ಹಿಸುಕಿ ಮೂಗಿಗೆ ಹಿಡಿದೆ. ಆಮೇಲೆ ದನಿ ತಗ್ಗಿಸಿ ದೊಡ್ಡಮ್ಮನ ಪ್ರಶ್ನೆಯನ್ನೇ ಕೇಳಿದೆ. ಹುಡುಗಿ ನಕ್ಕು ನೆಲ ನೋಡಿದಳು.

“ಹಂಗಾದ್ರೆ ಕಡ್ಡಿ ನೀನು ನೆಡು. ರುಚಿ ನಿಮ್ಮತ್ತೇನೇ ನೋಡ್ಲಿ,” ಎಂದೆ. ನಮ್ಮನೆಯವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.