ಹಂಪವ್ವನಿಗೆ ನಾನು ಕೊಟ್ಟ ನಾಲ್ಕು ಅಂಕ

ವಿರೂಪಾಪುರಗಡ್ಡೆಯ ಹಂಪವ್ವನಿಗೆ ಈಗ ಐವತ್ತೆರಡೋ ಐವತ್ಮೂರೋ. ಹದಿನೆಂಟಕ್ಕೆ ಗಂಡನ ಮನೆಗೆ ಬಂದವಳು ಮರುವರ್ಷವೇ ವಿದೇಶಿ ಪ್ರವಾಸಿಗರು ಇಳಿಯುವ ಗೆಸ್ಟ್‌ಹೌಸಿನ ಹಾಸಿಗೆಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಅಲ್ಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮುಂಬಾಗಿಲ ಟೇಬಲ್ಲಿಗೆ ಬರಲು ಹನ್ನೆರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಇಂಗ್ಲಿಷ್ ನಾಲಿಗೆಗೆ ಹತ್ತಿತ್ತು. ಅಕ್ಷರ ಮಾತ್ರ ಒಂದೂ ಇಲ್ಲ. ಬಂದವರು ರಿಜಿಸ್ಟರಿನಲ್ಲಿ ತಮ್ಮ ಹೆಸರನ್ನು ತಾವೇ ಬರೆಯಬೇಕು, ಈಕೆ ಪಾಸ್‌ಪೋರ್ಟಿನ ಫೋಟೊ ನೋಡಿ ಮುಖ ಹೊಂದಿಸಬೇಕು. ಗಡ್ಡೆಯ ಗೆಸ್ಟ್‌ಹೌಸುಗಳು ಅಕ್ರಮ ಕಟ್ಟಡಗಳೆಂದು ನೆಲಸಮವಾದ ಮೇಲೆ ಹಂಪವ್ವ ಭತ್ತದ ನಾಟಿಗೆ ಇಳಿದಳು.

ನಾಲ್ಕು ವರ್ಷ ಕೆಸರಿನಲ್ಲಿ ಬಾಗಿ ಸೊಂಟ ಕೈಕೊಟ್ಟಿತು. ಆ ಹೊತ್ತಿಗೆ ಗಂಗಾವತಿ ರಸ್ತೆಯ ಒಂದು ಖಾಸಗಿ ಶಾಲೆಗೆ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುವವರು ಬೇಕಾಗಿದ್ದರು. ಒಂದೇ ಷರತ್ತು, ಮಕ್ಕಳೊಂದಿಗೆ ಇಂಗ್ಲಿಷಿನಲ್ಲೇ ಮಾತಾಡಬೇಕು. ಹಂಪವ್ವನನ್ನು ಹದಿನೈದು ದಿನ ಇಟ್ಟುಕೊಂಡು ನೋಡಿದರು. ಮಕ್ಕಳು ಆಕೆಯ ಸೆರಗು ಬಿಡಲಿಲ್ಲ. ಕಾಯಂ ಮಾಡುವ ಮುಂಚೆ ಸೆಕ್ರೆಟರಿ ಹುಲಿಗೇಶರಿಗೆ ಒಂದು ಅನುಮಾನ ಹೊಕ್ಕಿತು: ಸರ್ಟಿಫಿಕೇಟು ಇಲ್ಲದ ಇಂಗ್ಲಿಷು ಸರಿಯಿದೆ ಎಂದು ಹೇಳುವವರು ಯಾರು? ಪರೀಕ್ಷೆ ಮಾಡಲು ನನ್ನನ್ನು ಕರೆಸಿದರು.

ನನ್ನನ್ನು ಯಾಕೆಂದರೆ, ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಪತ್ರಿಕೆಯ ಇದೇ ಅಂಕಣದಲ್ಲಿ ನಾನು ಇಂಗ್ಲಿಷ್ ಪದಗಳ ಹುಟ್ಟು ಬರೆಯುತ್ತಿದ್ದೇನೆ. ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದಾಗ ರದ್ದಿ ಅಂಗಡಿಯಲ್ಲಿ ಸಿಕ್ಕ ನಿಘಂಟೇ ನನ್ನ ಗುರು. ಗಾಸಿಪ್ ಎಂದರೆ ಈಗ ಚಾಡಿಮಾತು, ಹಿಂದೆ ಹೆರಿಗೆಯ ಕೋಣೆಯಲ್ಲಿ ಬಾಣಂತಿಯ ಜೊತೆಗಿದ್ದ ಆಪ್ತ ಹೆಂಗಸರನ್ನು ಹಾಗೆ ಕರೆಯುತ್ತಿದ್ದರು ಎಂದು ಬರೆದಾಗ ಕುಷ್ಟಗಿಯ ಮೇಷ್ಟ್ರುಗಳು ಫೋನು ಮಾಡಿ ಕೊಂಡಾಡಿದ್ದರು. ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ಶಾಲು ಹೊದಿಸಿದ್ದರು. ಈ ಮನುಷ್ಯ ಇಂಗ್ಲಿಷ್ ಮಾತಾಡುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ: ಆ ದಿನದವರೆಗೆ ಒಬ್ಬ ಮನುಷ್ಯನ ಮುಖ ನೋಡಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಆಡಿದವನಲ್ಲ ನಾನು.

ಸೆಕ್ರೆಟರಿಯ ಕೋಣೆಯಲ್ಲಿ ಹುಲಿಗೇಶ, ಇಂಗ್ಲಿಷ್ ಟೀಚರ್ ಮೆಹಜಬೀನ, ನಾನು. ಎದುರಿಗೆ ಇಸ್ತ್ರಿ ಸೀರೆಯುಟ್ಟು, ಕುರ್ಚಿಯ ತುದಿಯಲ್ಲಿ ಕೂತ ಹಂಪವ್ವ. ನಾನು ಕನ್ನಡದಲ್ಲೇ ಶುರು ಮಾಡಿದೆ.

"ಬೀಟ್ ಅರೌಂಡ್ ದಿ ಬುಷ್ ಅಂದ್ರ ಏನ್ರಿ?"

"ಅದಾ? ಅದು ಹಾಲೆಂಡಿನ ಹುಡುಗಂದು ರೀ." ಆಕೆಯ ಮುಖ ಅರಳಿತು. "ಮುಂಜಾನಿ ಬಂದು ಬಾಳಿಹಣ್ಣು ಭಾಳ ಸಿಹಿ ಅದಾವ ಅಂದ. ಹೊಳಿ ಏರತೈತೇನು ಅಂದ. ನಿಮ್ಮ ಎಮ್ಮಿ ಹೆಸರೇನು ಅಂದ. ಏನೋ ಐತಿ ಇವಂದು ಅಂತ ನಾ ಸುಮ್ನ ಕುಂತೆ. ಕಡೀಕ ಅವನ ಜೋಡಿ ಹುಡುಗಿ ಬೈದ್ಲು ನೋಡ್ರಿ, ಸುತ್ತಿ ಬಳಸಬ್ಯಾಡ, ಬುಷ್ ಬುಷ್ ಅಂತ. ಆವಾಗ ಬಾಯಿ ಬಿಟ್ಟ. ಸಿಗರೇಟಿಲೆ ಗಾದಿ ಸುಟ್ಟಿದ್ದ, ನನ್ಮಗ!"

ಮೆಹಜಬೀನ ನಕ್ಕರು. ನಾನು ನಗಲಿಲ್ಲ. ಬೇಟೆಗಾರರ ಆಳುಗಳು ಹಕ್ಕಿ ಎಬ್ಬಿಸಲು ಪೊದೆಯ ಸುತ್ತ ಬಡಿಯುತ್ತಿದ್ದ ಕಥೆ ಹೇಳಿದೆ. "ಹೌದ್ರಿ? ನಂಗ ಗೊತ್ತಿರಲಿಲ್ಲರಿ. ಛಲೋ ಐತಿ" ಎಂದಳು. ನಿಜವಾಗಿಯೇ ಅಂದಳು.

"ಮಮ್ಸ್ ದಿ ವರ್ಡ್?"

"ಇಂಗ್ಲೆಂಡಿನ ಅಜ್ಜಿ. ಡಾಕ್ಟರು ಸಿಹಿ ಬ್ಯಾಡ ಅಂದಿದ್ರು, ಗಂಡ ಕಾವಲಾ. ಅಡಗಿಮನಿಗೆ ಬಂದು ಬೆಲ್ಲ ತಿನ್ನಾಕಿ. ತುಟಿ ಮ್ಯಾಲೆ ಬೆರಳಿಟ್ಟು ಹಂಗ ಅನ್ನಾಕಿ. ಯಾರಿಗೂ ಹೇಳಬ್ಯಾಡ ಅಂತ. ನಾ ಇವತ್ತಿನ ತನಕ ಹೇಳಿರಲಿಲ್ಲರಿ."

ಮುಚ್ಚಿದ ತುಟಿಯಿಂದ ಹೊರಡುವ ಸದ್ದೇ ಆ ಪದವಾಯಿತು ಎನ್ನುತ್ತದೆ ನನ್ನ ನಿಘಂಟು. ಆಕೆಗೆ ಆ ತುಟಿಯೇ ನೆನಪಿತ್ತು.

ಹುಲಿಗೇಶ ಕೈ ಉಜ್ಜಿಕೊಂಡರು. "ಸರ, ಇನ್ನ ಐದು ನಿಮಿಷ ನೀವಿಬ್ಬರೂ ಇಂಗ್ಲಿಷಿನ್ಯಾಗ ಮಾತಾಡಿಬಿಡ್ರಿ. ನಾವು ಕುಂತು ಕೇಳ್ತೀವಿ."

ನಾನು ಕೆಮ್ಮಿದೆ. ನೀರು ಕುಡಿದೆ. ಕೊನೆಗೆ ಹಂಪವ್ವನೇ ಶುರು ಮಾಡಿದಳು. "ಹೌ ವಾಸ್ ಯುವರ್ ಜರ್ನಿ, ಸರ್?" ಪ್ರಯಾಣ ಹೇಗಿತ್ತು ಎಂದು ಕೇಳುತ್ತಿದ್ದಾಳೆ. ಜರ್ನಿ ಫ್ರೆಂಚರಿಂದ ಬಂದ ಪದ, ಮೂಲದಲ್ಲಿ ಒಂದು ದಿನದ ದಾರಿ ಎಂದು ತಲೆಯೊಳಗೆ ಪುಟ ತೆರೆದುಕೊಂಡಿತು. ಉತ್ತರ ಮಾತ್ರ ಇಲ್ಲ.

"ಯೆಸ್" ಎಂದೆ.

ಬಸ್ಸು ತಡವಾಯಿತೇ, ಬಿಸಿಲು ಜಾಸ್ತಿಯೇ, ಇನ್ನೆರಡು ಕೇಳಿದಳು. ಎರಡಕ್ಕೂ ಯೆಸ್. ಆಮೇಲೆ ಆಕೆ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನಕ್ಕು, "ಕ್ಯಾಟ್ ಗಾಟ್ ಯುವರ್ ಟಂಗ್, ಸರ್?" ಎಂದಳು. ನಾಲಿಗೆಯನ್ನು ಬೆಕ್ಕು ಕಚ್ಚಿಕೊಂಡು ಹೋಯಿತೇ, ಮಾತೇ ಬರುತ್ತಿಲ್ಲವಲ್ಲ, ಎಂದು ಅರ್ಥ. ಮೆಹಜಬೀನ ತಲೆ ತಗ್ಗಿಸಿದರು. ಹುಲಿಗೇಶರಿಗೆ ತಿಳಿಯಲಿಲ್ಲ, ಆದರೂ ನಕ್ಕರು. ನನ್ನ ಕಿವಿ ಸುಟ್ಟುಹೋಯಿತು. ಹೆಬ್ಬೆಟ್ಟಿನ ಹೆಂಗಸು ನನ್ನನ್ನು ಆಡಿಕೊಂಡಳು ಎಂದುಕೊಂಡೆ. ಹೌದು, ಆ ಪದವೇ ನನ್ನ ಮನಸ್ಸಿಗೆ ಬಂದದ್ದು.

"ಹೆಂಗ್ರಿ ಸರ? ಹತ್ತಕ್ಕ ಎಷ್ಟು ಕೊಡಬಹುದು?" ಎಂದರು ಹುಲಿಗೇಶ.

"ನಾಲ್ಕು" ಎಂದೆ. "ವ್ಯಾಕರಣ ಇಲ್ಲ. ಬೀದಿ ಇಂಗ್ಲಿಷು. ಮಕ್ಕಳ ನಾಲಿಗಿ ಕೆಡತೈತಿ."

"ನಾಕ ಏನ್ರಿ?" ಎಂದಳು ಹಂಪವ್ವ. ಕೆಲಸ ಆಗದೆಂದು ಹುಲಿಗೇಶ ತಲೆಯಾಡಿಸಿದರು. ಕೈಚೀಲ ತೆಗೆದುಕೊಂಡು ಎಲ್ಲರಿಗೂ ಕೈಮುಗಿದು ಹೋದಳು. ನನಗೂ ಮುಗಿದಳು.

ವರಾಂಡದಲ್ಲಿ ಮೆಹಜಬೀನ ನನ್ನ ಹಿಂದೆಯೇ ಬಂದರು. "ಸರ, ಆಕಿಗೆ ನಾಲ್ಕು ಕೊಟ್ರಿ. ನಿಮಗ ನೀವು ಎಷ್ಟು ಕೊಟ್ಕೊಂತೀರಿ?"

ಆ ಭಾನುವಾರ ಬೆಕ್ಕು ಮತ್ತು ನಾಲಿಗೆಯ ಬಗ್ಗೆಯೇ ಬರೆಯಲು ಕೂತೆ. ಆ ಮಾತು ಎಲ್ಲಿಂದ ಬಂತೆಂದು ಖಚಿತವಾಗಿ ಗೊತ್ತಿಲ್ಲ ಎನ್ನುತ್ತವೆ ಪುಸ್ತಕಗಳು. ಮೂರು ವಾರ ಈ ಅಂಕಣ ಬರಲಿಲ್ಲ. ಆರೋಗ್ಯ ಸರಿಯಿಲ್ಲ ಎಂದು ಸಂಪಾದಕರಿಗೆ ಹೇಳಿದ್ದೆ. ಅದೂ ಸುಳ್ಳು. ನಾಲ್ಕನೇ ವಾರ ಗಡ್ಡೆಗೆ ಹೋದೆ.

ಹಂಪವ್ವ ಗದ್ದೆಯಲ್ಲಿದ್ದಳು. ಮೊಣಕಾಲುದ್ದ ಕೆಸರು, ಸೊಂಟಕ್ಕೆ ಹಳೆಯ ಸೀರೆಯ ಪಟ್ಟಿ ಬಿಗಿದಿತ್ತು. ಬದುವಿಗೆ ಬಂದವಳು ನನಗೆ ಕೂಡ್ರಿ ಅನ್ನಲಿಲ್ಲ.

"ಅವತ್ತ ಹಂಗ ಯಾಕ ಅಂದ್ರಿ, ಬೆಕ್ಕು ಅಂತ?"

"ಅದು ಬೈದಿದ್ದಲ್ಲರಿ ಸರ. ನಾ ಹೊಸದಾಗಿ ಅಡಗಿಮನಿಗೆ ಬಂದಾಗ ಬಾಯಿ ಬರ್ತಿರಲಿಲ್ಲ. ಆಸ್ಟ್ರೇಲಿಯಾದಾಕಿ ಒಬ್ಬಾಕಿ ದಿನಾ ಮುಂಜಾನಿ ಹಂಗ ಅಂದು ತನ್ನ ನಾಲಿಗಿ ಹೊರಗ ಚಾಚಿ ತೋರಸ್ತಿದ್ಲು. ನಕ್ಕು ನಕ್ಕು ನಂಗ ಬಾಯಿ ಬಂತು. ನೀವು ಭಾಳ ಬೆವತಿದ್ರಿ. ನಕ್ರ ಮಾತು ಬರತೈತಿ ಅನ್ಕೊಂಡೆ."

"ನಂಗ ಮಾತು ಬರಂಗಿಲ್ಲ ಅಂತ ಗೊತ್ತಾಗಿತ್ತೇನ್ರಿ?"

"ಎಲ್ಲಾದಕ್ಕೂ ಯೆಸ್ ಅನ್ನೋರನ್ನ ಭಾಳ ಮಂದಿ ನೋಡೀನ್ರಿ. ನಾನೂ ಹಂಗ ಇದ್ದೆ."

"ಮತ್ತ ಸೆಕ್ರೆಟರಿ ಮುಂದ ಯಾಕ ಹೇಳ್ಲಿಲ್ಲ?"

ಆಕೆ ಕೈಯ ಕೆಸರನ್ನು ಹುಲ್ಲಿಗೆ ಒರೆಸಿದಳು. "ನಿಮ್ಮ ಮಾನ ತಗದು ನಾ ಕೆಲಸ ತಗೋಬೇಕಿತ್ತೇನ್ರಿ?"

ಗದ್ದೆಯಿಂದ ಒಬ್ಬಾಕೆ ಕೂಗಿದಳು: "ಏ ಹಂಪೀ, ಸಾಹೇಬ್ರ ಜೋಡಿ ಇಂಗ್ಲೀಷು ಸಾಕು, ಸಸಿ ಒಣಗತಾವ!" ಎಲ್ಲರೂ ನಕ್ಕರು. ಹಂಪವ್ವ ಇಳಿದು ಹೋದಳು.

ಅಲ್ಲಿಂದ ನೇರ ಶಾಲೆಗೆ ಹೋದೆ. ನನಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ, ಆ ನಾಲ್ಕು ಅಂಕ ಹೊಟ್ಟೆಕಿಚ್ಚಿನದು ಎಂದು ಹುಲಿಗೇಶರಿಗೆ ಹೇಳಿದೆ. ಅವರು ಕಣ್ಣರಳಿಸಿ, "ನೋಡ್ರಿ, ನಿಮ್ಮಂಥವರು ಹಿಂಗ ಸಣ್ಣವರಾಗಿ ಮಾತಾಡ್ತೀರಿ. ದೊಡ್ಡತನ ಅಂದ್ರ ಇದ" ಎಂದು ಚಹಾ ತರಿಸಲು ಗಂಟೆ ಒತ್ತಿದರು. ಹನ್ನೊಂದು ವರ್ಷ ಗಳಿಸಿದ ಹೆಸರು ಎಷ್ಟು ಗಟ್ಟಿಯಾಗಿತ್ತೆಂದರೆ ನಾನು ಸತ್ಯ ಹೇಳಿದರೂ ಅದಕ್ಕೆ ತೂತು ಬೀಳಲಿಲ್ಲ.

"ಮೆಹಜಬೀನ ಟೀಚರನ್ನ ಕರೀರಿ" ಎಂದೆ. "ಅವರು ಇಂಗ್ಲಿಷಿನ್ಯಾಗ ಏನರ ಕೇಳಲಿ. ನೀವು ನೋಡ್ರಿ."

ಅವರು ಬಂದರು. ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರು, ಒಂದನೇ ಕ್ಲಾಸಿನ ಮಗುವಿಗೆ ಕೇಳುವಷ್ಟು ನಿಧಾನವಾಗಿ. ನಾನು ಎದ್ದು ನಿಂತೆ. "ಐ... ಈಟ್... ಮಾರ್ನಿಂಗ್..." ಮುಂದೆ ಹೋಗಲಿಲ್ಲ. ಮಂಡಕ್ಕಿ ಒಗ್ಗರಣೆ ಗಂಟಲಲ್ಲೇ ಕೂತಿತ್ತು. ಚಹಾ ತಂದವನು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತ. ಹುಲಿಗೇಶರ ಮುಖದ ನಗು ಮೊದಲು ತುಟಿಯಿಂದ, ಆಮೇಲೆ ಕಣ್ಣಿಂದ ಇಳಿದುಹೋಯಿತು.

"ಸಾಕ್ರಿ ಟೀಚರ" ಎಂದರು. ನನ್ನ ಕಡೆ ನೋಡಲಿಲ್ಲ. ಚಹಾ ತಗೊಳ್ರಿ ಎಂದೂ ಅನ್ನಲಿಲ್ಲ. ಅಲ್ಲೇ ಹಂಪವ್ವನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಕೆಲಸಕ್ಕೆ ಬಾ ಎಂದರು.

"ಇನ್ನೂ ಎಂಟು ದಿನದ ನಾಟಿ ಐತ್ರಿ. ಗದ್ದಿ ಹೆಣ್ಮಕ್ಕಳಿಗೆ ಬರ್ತೀನಿ ಅಂದೀನಿ, ಅದು ಮುಗಿಸಿ ಬರ್ತೀನಿ" ಎಂದಿತು ದನಿ. ಹಿಂದೆ ನೀರಿನ ಸದ್ದು. "ಆದ್ರ ಒಂದು ಮಾತ್ರಿ. ಮತ್ತ ಪರೀಕ್ಷಾ ಇಡೋದಿದ್ರ, ಮಾತಾಡೋರನ್ನ ಕರಸ್ರಿ."

"ಆತು ಬಿಡವಾ" ಎಂದರು ಹುಲಿಗೇಶ. ನಾನು ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದೆ.